ಹುಟ್ಟಿದ ತೂಕದ ಸಕ್ಕರೆ

ವಿನೋಬನಗರ, ಶಿವಮೊಗ್ಗ
3 ಫೆಬ್ರವರಿ 2025

ಬೀಗರಾದ ವೀರೇಂದ್ರ ಅವರಿಗೆ ಷಡಕ್ಷರಪ್ಪನ ಶರಣು.

ಮನೆದೇವರನ್ನೂ ತೂಕ ಮತ್ತು ಅಳತೆ ಇಲಾಖೆಯನ್ನೂ ಸಾಕ್ಷಿಯಾಗಿ ಇಟ್ಟುಕೊಂಡು ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕಳೆದ ಸೋಮವಾರ, ಆಸ್ಪತ್ರೆಯ ವರಾಂಡದಲ್ಲಿ, ಹಾಡಹಗಲು, ಬುದ್ಧಿ ನೆಟ್ಟಗಿರುವಾಗಲೇ ನಾನು ಕಲಬೆರಕೆ ಮಾಡಿದೆ. ಹಾಲಿಗೆ ನೀರಲ್ಲ, ಅಡಿಕೆ ಚೀಲಕ್ಕೆ ಕಲ್ಲಲ್ಲ. ನಿಮ್ಮ ಮೊಮ್ಮಗಳ ತೂಕಕ್ಕೆ ಎಂಟುನೂರು ಗ್ರಾಂ ಗಾಳಿ.

ನಡೆದದ್ದು ಇಷ್ಟು. ಬೀಗಿತಿಯವರು ಕೂಸನ್ನು ನೋಡಲು ಬಂದರು. ನಾವು ಅದನ್ನು ನಾಲ್ಕು ಸುತ್ತು ಬಟ್ಟೆಯಲ್ಲಿ ಸುತ್ತಿ, ಮೂಗು ಮಾತ್ರ ಕಾಣುವ ಹಾಗೆ ಅವರ ಕೈಗೆ ಕೊಟ್ಟೆವು. ಎಷ್ಟು ತೂಕ ಇದೆ ಎಂದು ಅವರು ಕೇಳಿದರು. ಮೂರು ಕೆಜಿಗೆ ನೂರು ಗ್ರಾಂ ಕಮ್ಮಿ ಎಂದೆ. ಮೂರು ಎಂದು ಇಡಿಯಾಗಿ ಹೇಳಿದರೆ ಸುಳ್ಳಿನ ವಾಸನೆ ಬರುತ್ತದೆ, ನೂರು ಗ್ರಾಂ ಬಿಟ್ಟುಕೊಟ್ಟರೆ ಪ್ರಾಮಾಣಿಕನ ಹಾಗೆ ಕೇಳಿಸುತ್ತದೆ. ಮೂವತ್ತು ವರ್ಷ ಕಾಮರ್ಸ್ ಪಾಠ ಮಾಡಿದ್ದು ವ್ಯರ್ಥವಾಗಲಿಲ್ಲ. ನಿಮ್ಮ ಮಗ ವಿಜಯೇಂದ್ರ ಪಕ್ಕದಲ್ಲೇ ಇದ್ದು ಫ್ಯಾನ್ ನೋಡುತ್ತಿದ್ದ. ಆ ಫ್ಯಾನ್ ತಿರುಗುತ್ತಿರಲಿಲ್ಲ. ಹೈಸ್ಕೂಲ್ ಮೇಷ್ಟ್ರಾದ ಅಳಿಯನಿಗೆ ಮೌನದಷ್ಟು ಒಳ್ಳೆಯ ಭಾಷೆ ಇಲ್ಲ.

ನಿಜವಾದ ತೂಕ ಎರಡು ಕೆಜಿ ನೂರು ಗ್ರಾಂ. ತಿಂಗಳು ತುಂಬಿಯೇ ಹುಟ್ಟಿದ್ದು. ಹಾಲು ಚೆನ್ನಾಗಿ ಕುಡಿಯುತ್ತಿದೆ, ಅತ್ತರೆ ರವೀಂದ್ರನಗರಕ್ಕೆ ಕೇಳಿಸುತ್ತದೆ, ಕಾಳಜಿ ಮಾಡಬೇಕಾದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸಣ್ಣದು, ಅಷ್ಟೆ.

ಆದರೆ ನಿಮ್ಮ ಮನೆಯ ಪದ್ಧತಿ ಇದೆಯಲ್ಲ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಹುಟ್ಟಿದ ತೂಕದಷ್ಟು ಸಕ್ಕರೆಯನ್ನು ಜನರೆದುರು ತೂಗಿ ಬೀದಿಗೆಲ್ಲ ಹಂಚುವುದು. ನನ್ನ ಮಗಳು ಅಕ್ಷರಾ, ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ಅದನ್ನೇ ಮನಸ್ಸಿನಲ್ಲಿ ತೂಗುತ್ತಿದ್ದಾಳೆ. ಬಸುರಿಯಾಗಿದ್ದಾಗ ನಿಮ್ಮ ಮನೆಯಿಂದ ಬಂದ ತುಪ್ಪ ಅವಳಿಗೆ ಸೇರಲಿಲ್ಲ. ವಾಸನೆಗೇ ವಾಂತಿ. ಆ ಡಬ್ಬಿಯನ್ನು ಮುಚ್ಚಿಟ್ಟಿದ್ದಕ್ಕೇ ಕೂಸು ಸಣ್ಣದಾಯಿತು ಎಂದು ಅವಳಿಗೆ ಅವಳೇ ತೀರ್ಪು ಕೊಟ್ಟುಕೊಂಡು ಕೂತಿದ್ದಾಳೆ. ಮೇಲ್ಮನವಿಗೂ ಅವಕಾಶ ಕೊಡುವುದಿಲ್ಲ.

ಇದನ್ನು ಫೋನಿನಲ್ಲಿ ಹೇಳಲಾರೆ. ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲಿನ ಸದ್ದಿಗೆ ನಿಮ್ಮ ಕಿವಿ ನಿವೃತ್ತಿಗೆ ಮುಂಚೆಯೇ ನಿವೃತ್ತಿಯಾಯಿತು. ನಿಮ್ಮ ಮನೆಯಲ್ಲಿ ಫೋನ್ ಎಂದರೆ ಸ್ಪೀಕರ್, ಸ್ಪೀಕರ್ ಎಂದರೆ ಬೀಗಿತಿ. ವಾಟ್ಸಾಪಿನಲ್ಲಿ ಎರಡು ಕುಟುಂಬಗಳೂ ಕೂತಿವೆ. ಹಾಗಾಗಿ ಈ ಅಂಚೆ. ನಮ್ಮಿಬ್ಬರ ನಡುವೆ ಬಸ್ಸಿಗೆ ಅರ್ಧ ಗಂಟೆ, ಪತ್ರಕ್ಕೆ ಮೂರು ದಿನ. ಗುಟ್ಟಿಗೆ ಅಷ್ಟು ಗೌರವ ಸಲ್ಲಲೇಬೇಕು.

ನನ್ನ ಬೇಡಿಕೆ ಒಂದೇ. ಈ ಸಲ ಸಕ್ಕರೆ ತೂಗುವುದು ಬೇಡ ಎಂದು ನೀವೇ ಯಾವುದಾದರೂ ನೆಪ ಹುಡುಕಿ ಹೇಳಬೇಕು. ಬೀಗರೇ, ಅಲ್ಲಿಯವರೆಗೆ ಬಾಯಿಗೆ ಬೀಗ. ಬೀಗಿತಿಯವರಿಗೆ ಗೊತ್ತಾಗಕೂಡದು.

ನಿಮ್ಮ
ಷಡಕ್ಷರಪ್ಪ


ನ್ಯೂ ಟೌನ್, ಭದ್ರಾವತಿ
8 ಫೆಬ್ರವರಿ 2025

ಷಡಕ್ಷರಪ್ಪನವರಿಗೆ ಶರಣು.

ಪತ್ರ ತಲುಪಿತು. ಎಂಟುನೂರು ಗ್ರಾಂ ವಿಷಯ ತಿಳಿಯಿತು.

ಅಕ್ಷರಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳಾ, ನಿದ್ದೆ ಮಾಡುತ್ತಾಳಾ, ಇವೆರಡನ್ನು ಮುಂದಿನ ಪತ್ರದಲ್ಲಿ ಬರೆಯಿರಿ. ತುಪ್ಪ ಸೇರದಿದ್ದರೆ ಸೇರದು. ಯಾರೂ ಏನೂ ಅಂದುಕೊಂಡಿಲ್ಲ.

ಸಕ್ಕರೆ ವಿಷಯ ನಾನೊಬ್ಬನೇ ತೀರ್ಮಾನ ಮಾಡುವಂಥದ್ದಲ್ಲ. ನನ್ನ ನೆಗಡಿ ಇನ್ನೂ ಹೋಗಿಲ್ಲ. ಎಳೆ ಕೂಸಿನ ಹತ್ತಿರ ಬರಬಾರದು ಎಂದು ಮನೆಯಲ್ಲೇ ಇದ್ದೇನೆ. ಅಂಟಿನುಂಡೆ ವಿಜಿ ಕೈಯಲ್ಲಿ ಕಳಿಸಿದೆ. ತುಪ್ಪ ಕಮ್ಮಿ ಹಾಕಿದೆ.

ವೀರೇಂದ್ರ


ವಿನೋಬನಗರ, ಶಿವಮೊಗ್ಗ
13 ಫೆಬ್ರವರಿ 2025

ಬೀಗರಿಗೆ ಶರಣು.

ನಿಮ್ಮ ಪತ್ರ ನೋಡಿ ಬೆರಗಾದೆ. ಉಕ್ಕು ಬಗ್ಗಿಸಿದ ಕೈಗೆ ಇಷ್ಟು ದುಂಡಗಿನ ಅಕ್ಷರ ಎಲ್ಲಿಂದ ಬಂತು ಮಾರಾಯ್ರೇ? ನನ್ನ ಕೈಬರಹ ನೋಡಿ ಔಷಧಿ ಅಂಗಡಿಯವನು ಎರಡು ಸಲ ಮಾತ್ರೆ ಕೊಟ್ಟಿದ್ದಾನೆ.

ಅಕ್ಷರಾ ಊಟ ಮಾಡುತ್ತಾಳೆ, ಆದರೆ ಪರೀಕ್ಷೆ ಬರೆಯುವವಳ ಹಾಗೆ. ನಿದ್ದೆ ಇಲ್ಲ. ನನಗೆ ಮಾತ್ರ ಅದರ ಕೊರತೆಯಿಲ್ಲ. ನಮ್ಮದು ಮಂಡಿ ವ್ಯಾಪಾರದ ಮನೆ. ಅಜ್ಜ ತೂಕದಲ್ಲಿ ನಿಪುಣ, ಅಪ್ಪ ಅಡಿಕೆಯಲ್ಲಿ. ಎರಡೂ ಸೇರಿ ನನ್ನ ಪಾಲಿಗೆ ಬಂದದ್ದು ತೂಕಡಿಕೆ. ಅದನ್ನು ವಿದ್ಯಾರ್ಥಿಗಳಿಗೂ ಧಾರಾಳವಾಗಿ ಹಂಚಿದೆ.

ಈಗ ಸಂತೋಷದ ಸುದ್ದಿ. ಆಸ್ಪತ್ರೆಯಲ್ಲಿ ಸುಷ್ಮಾ ಎಂಬ ಡಾಕ್ಟರ್ ಒಂದು ಅಧ್ಯಯನ ಮಾಡುತ್ತಿದ್ದಾರೆ. ಹುಟ್ಟುವ ಮಕ್ಕಳ ತೂಕಕ್ಕೂ ವಂಶವಾಹಿಗೂ ಏನಾದರೂ ನಂಟಿದೆಯೇ ಎಂಬುದು ವಿಷಯ. ಹೆರಿಗೆಯ ದಿನವೇ ನಮ್ಮ ಒಪ್ಪಿಗೆ ಕೇಳಿ ಹೊಕ್ಕುಳಬಳ್ಳಿಯ ರಕ್ತ ತೆಗೆದುಕೊಂಡಿದ್ದರು. ಅಕ್ಷರಾಳದ್ದೂ ವಿಜಯೇಂದ್ರನದ್ದೂ ಕೊಟ್ಟಾಗಿದೆ. ಮೊನ್ನೆ ಕೂಸನ್ನು ತೋರಿಸಲು ಹೋದಾಗ ಅವರು ವಿವರಿಸಿದರು. ನಮ್ಮ ಮೈಯ ಪ್ರತಿ ಕಣದಲ್ಲೂ ಒಂದು ದೊಡ್ಡ ಪುಸ್ತಕ ಇದೆಯಂತೆ. ಎಲ್ಲರ ಪುಸ್ತಕವೂ ಹೆಚ್ಚುಕಡಿಮೆ ಒಂದೇ, ಆದರೆ ಅಲ್ಲಲ್ಲಿ ಒಂದೊಂದು ಅಕ್ಷರ ಬೇರೆ. ಕೆಲವು ಜಾಗಗಳಲ್ಲಿ ಒಂದು ಅಕ್ಷರ ಬದಲಾಗಿದ್ದರೆ ಕೂಸು ಒಂಚೂರು ಸಣ್ಣದಾಗಿ ಹುಟ್ಟಬಹುದಂತೆ. ಆ ಅಕ್ಷರ ತಾಯಿಯಿಂದಲೂ ಬರಬಹುದು, ತಂದೆಯಿಂದಲೂ ಬರಬಹುದು.

ತಂದೆಯಿಂದಲೂ! ನನ್ನ ಕಿವಿ ನೆಟ್ಟಗಾಯಿತು. ನೋಡಿ ಬೀಗರೇ, ಇದು ಅಕ್ಷರದೋಷ ಇರಬಹುದು, ಅಕ್ಷರಾಳ ದೋಷ ಅಲ್ಲ. ಆರು ಅಕ್ಷರ ಹೆಸರಿನಲ್ಲೇ ಇರುವ ನನಗೆ ಇಷ್ಟು ಹೇಳುವ ಅಧಿಕಾರ ಇದೆ. ಬದಲಾದ ಆ ಅಕ್ಷರ ಭದ್ರಾವತಿಯಲ್ಲಿ ಛಾಪಾಯಿತು ಎಂದು ಡಾಕ್ಟರಿಂದ ಒಂದು ಮಾತು ಬಂದುಬಿಟ್ಟರೆ ನನ್ನ ಮಗಳ ಎದೆಯ ಕಲ್ಲು ಇಳಿಯುತ್ತದೆ. ನೀವು ತಪ್ಪು ತಿಳಿಯುವುದಿಲ್ಲ ಎಂಬ ಧೈರ್ಯದಿಂದ ಇಷ್ಟು ಬರೆದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಎರಡೂ ಕಡೆ ಅಜ್ಜ ಅಜ್ಜಿಯರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಸಣ್ಣ ಕೂಸಿಗೆ ಕಾರಣವಾಗುವ ಅಕ್ಷರಗಳಲ್ಲಿ ಕೆಲವು, ಮುಂದೆ ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಗೂ ದಾರಿ ಮಾಡಬಹುದಂತೆ. ನಾನು ಎದೆಯುಬ್ಬಿಸಿ ಹೇಳಿದೆ: ನಮ್ಮ ಮನೆತನದಲ್ಲಿ ಸಕ್ಕರೆ ಡಬ್ಬಿಯಲ್ಲಿರುತ್ತದೆ, ರಕ್ತದಲ್ಲಿ ಅಲ್ಲ. ಅಕ್ಷರಾ ಯಾಕೋ ಕಿಟಕಿಯ ಕಡೆ ನೋಡುತ್ತಿದ್ದಳು. ನಿಮ್ಮ ಕಡೆಯದನ್ನು ಕೇಳಿ ತಿಳಿಸುತ್ತೇನೆ ಎಂದು ಬಂದಿದ್ದೇನೆ.

ಷಡಕ್ಷರಪ್ಪ


ನ್ಯೂ ಟೌನ್, ಭದ್ರಾವತಿ
18 ಫೆಬ್ರವರಿ 2025

ಷಡಕ್ಷರಪ್ಪನವರಿಗೆ ಶರಣು.

ಡಾಕ್ಟರಿಗೆ ಹೇಳಿ. ನನಗೆ ಸಕ್ಕರೆ ಕಾಯಿಲೆ ಇದೆ. ನಲವತ್ತೆಂಟನೇ ವಯಸ್ಸಿಗೆ ಬಂತು. ಮಾತ್ರೆ ತೆಗೆದುಕೊಳ್ಳುತ್ತೇನೆ, ಬೆಳಿಗ್ಗೆ ಕಾಲುವೆ ದಾರಿಯಲ್ಲಿ ನಡೆಯುತ್ತೇನೆ. ಇದರಲ್ಲಿ ಮುಚ್ಚಿಡುವುದೇನಿಲ್ಲ.

ಛಾಪಾದ ಜಾಗ ಭದ್ರಾವತಿ ಆದರೆ ಆಗಲಿ. ನಮಗೇನೂ ಬೇಜಾರಿಲ್ಲ.

ಸ್ವಾಮಿಗಳನ್ನು ಕೇಳಿದೆವು. ಮಾರ್ಚ್ 16, ಭಾನುವಾರ, ತೊಟ್ಟಿಲ ಶಾಸ್ತ್ರ ಇಲ್ಲೇ. ಹೆಸರನ್ನು ಅಕ್ಷರಾಳೇ ಆರಿಸಲಿ. ಸಕ್ಕರೆ ತೂಗುವುದು ಇದ್ದೇ ಇದೆ. ಅದನ್ನು ಬಿಡಲು ನನ್ನ ಮನೆಯವಳು ಬಸವರಾಜೇಶ್ವರಿ ಒಪ್ಪುವುದಿಲ್ಲ. ಕಾರಣ ಅವಳಿಗೆ ಇದೆ.

ವೀರೇಂದ್ರ


ವಿನೋಬನಗರ, ಶಿವಮೊಗ್ಗ
23 ಫೆಬ್ರವರಿ 2025

ಬೀಗರಿಗೆ ಶರಣು.

ಸಕ್ಕರೆ ಇದೆ ಎಂದು ಇಷ್ಟು ಸಿಹಿಯಾಗಿ ಒಪ್ಪಿಕೊಂಡವರನ್ನು ನಾನು ಕಂಡಿಲ್ಲ. ಓದಿದ ಕೂಡಲೇ ಗೆದ್ದೆ ಎಂದುಕೊಂಡೆ. ನಿಮ್ಮಲ್ಲಿ ಇದೆ, ನಮ್ಮಲ್ಲಿ ಇಲ್ಲ. ಅರುವತ್ತಾರಕ್ಕೂ ನಾನು ಹೋಳಿಗೆಯ ಮೇಲೆ ಸಕ್ಕರೆ ಪಾಕ ಸುರಿದುಕೊಳ್ಳುತ್ತೇನೆ. ಇದಕ್ಕಿಂತ ಪುರಾವೆ ಬೇಕೇ? ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ವಾದ ಮುಗಿಸಿದ ವಕೀಲನ ಹಾಗೆ ಸುಷ್ಮಾ ಡಾಕ್ಟರ ಹತ್ತಿರ ಹೋದೆ.

ಅವರು ನನ್ನ ವಾದವನ್ನು ಪೂರ್ತಿ ಕೇಳಿದರು. ಆಮೇಲೆ ಹೇಳಿದರು, ಒಂದು ಅಕ್ಷರ ಬದಲಾದರೆ ಕೂಸಿನ ತೂಕದಲ್ಲಿ ಆಗುವ ವ್ಯತ್ಯಾಸ ಹೆಚ್ಚೆಂದರೆ ಮೂವತ್ತು ಗ್ರಾಂ. ಒಂದು ಹಿಡಿ ಅಕ್ಕಿಗೂ ಕಮ್ಮಿ. ಅಂಥ ಜಾಗಗಳು ನೂರಾರು ಇವೆ. ಕೆಲವು ಕೂಡಿಸುತ್ತವೆ, ಕೆಲವು ಕಳೆಯುತ್ತವೆ. ಅದರ ಮೇಲೆ ತಾಯಿಯ ಬಿಪಿ, ಹೊಟ್ಟೆಯೊಳಗೆ ಕೂಸಿಗೆ ಆಹಾರ ಸಾಗಿಸುವ ಮಾಸು ಎಷ್ಟು ಚೆನ್ನಾಗಿ ಬೆಳೆದಿತ್ತು, ಊಟ, ತಾಯಿಯ ಎತ್ತರ, ಎಲ್ಲ ಸೇರುತ್ತದೆ. ಸಾವಿರಾರು ಮಕ್ಕಳನ್ನು ಒಟ್ಟಿಗಿಟ್ಟು ನೋಡಿದಾಗ ಕಾಣಿಸುವ ನಂಟು ಇದು. ಒಂದೇ ಕೂಸನ್ನು ಎತ್ತಿ ಹಿಡಿದು ಇದು ಇಂಥವರಿಂದ ಬಂತು ಎಂದು ಹೇಳಲಾಗುವುದಿಲ್ಲ.

ನಾನು ಬಿಡಲಿಲ್ಲ. ಹಾಗಾದರೆ ಆ ಮೂವತ್ತು ಗ್ರಾಂ ಆದರೂ ಭದ್ರಾವತಿಯದು ಎಂದು ಹೇಳಿಬಿಡಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಸಾರ್, ತಪ್ಪು ಯಾರದು ಅಂತ ಹುಡುಕೋ ಪರೀಕ್ಷೆ ಅಲ್ಲ ಇದು. ಇಲ್ಲಿ ತಪ್ಪೇ ಆಗಿಲ್ಲ."

ಮನೆಗೆ ಬಂದು ಇದನ್ನೇ ಅಕ್ಷರಾಳಿಗೆ ಹೇಳಿದೆ. ತುಪ್ಪದ ಡಬ್ಬಿಗೂ ಕೂಸಿಗೂ ಸಂಬಂಧ ಇಲ್ಲ, ವಿಜ್ಞಾನವೇ ನಿನ್ನನ್ನು ಬಿಡುಗಡೆ ಮಾಡಿದೆ ಎಂದು ಭಾಷಣ ಮಾಡಿದೆ. ಅವಳು ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತಾ ಕೇಳಿಸಿಕೊಂಡಳು. ಮಾರ್ಚ್ ಹದಿನಾರಕ್ಕೆ ತಾನು ಬರುವುದಿಲ್ಲ, ಕೂಸನ್ನು ಅಮ್ಮನ ಕೈಲಿ ಕಳಿಸುತ್ತೇನೆ ಎಂದಳು. ನಾನು ಕಾರಣ ಕೇಳಿದೆ.

"ಡಾಕ್ಟರ್ ಹೇಳಿದ್ದು ನಂಗೆ ಅರ್ಥ ಆಗುತ್ತೆ ಅಪ್ಪಾ. ಬೀದಿಯವರಿಗೆ ಯಾರು ಹೇಳ್ತಾರೆ? ಸಕ್ಕರೆ ತೂಗುವಾಗ ಯಾರೂ ತಕ್ಕಡಿ ನೋಡಲ್ಲ. ನನ್ನ ನೋಡ್ತಾರೆ."

ಇಂಥ ಕಡೆ ನಾನು ಒಂದು ಚಟಾಕಿ ಹಾರಿಸುತ್ತೇನೆ. ಅವತ್ತು ಅದು ಬರಲಿಲ್ಲ. ಬಾಣಂತಿ ಇಲ್ಲದೆ ತೊಟ್ಟಿಲ ಶಾಸ್ತ್ರವೇ? ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುವಾಗ ತಾಯಿ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುವುದೇ?

ಹಾಗಾಗಿ ಮತ್ತೆ ಕೇಳುತ್ತೇನೆ, ಆ ತಕ್ಕಡಿಯನ್ನು ಅಟ್ಟಕ್ಕೆ ಹಾಕಿಸಿ. ಬೀಗಿತಿಯವರ ಎದುರು ನಿಮ್ಮ ಮಾತು ನಡೆಯುವುದಿಲ್ಲ ಎಂದು ನನಗೆ ಗೊತ್ತು. ಬಸವ, ರಾಜ, ಈಶ್ವರಿ ಮೂರೂ ಒಂದೇ ಹೆಸರಿನಲ್ಲಿ ಸೇರಿ ಸರ್ಕಾರ ರಚಿಸಿರುವಾಗ ವಿರೋಧ ಪಕ್ಷಕ್ಕೆ ಕುರ್ಚಿ ಎಲ್ಲಿ? ನಾಲ್ಕು ಜನರ ಮುಂದೆ ದೊಡ್ಡಸ್ತಿಕೆ ತೋರಿಸಬೇಕೆಂಬ ಆಸೆ ಅವರಿಗೆ. ಅದಕ್ಕೆ ನನ್ನ ಮಗಳೇ ಆಗಬೇಕೇ? ಇದನ್ನು ಓದಿ ಹರಿದುಹಾಕಿ.

ಷಡಕ್ಷರಪ್ಪ


ನ್ಯೂ ಟೌನ್, ಭದ್ರಾವತಿ
28 ಫೆಬ್ರವರಿ 2025

ಅಣ್ಣನವರಾದ ಷಡಕ್ಷರಪ್ಪನವರಿಗೆ ಬಸವರಾಜೇಶ್ವರಿಯ ಶರಣು.

ನಿಮ್ಮ ಪತ್ರವನ್ನು ಓದಿದೆ. ಹರಿದುಹಾಕಲಿಲ್ಲ.

ಇವರಿಗೆ ನೆಗಡಿ ಅಲ್ಲ. ಜನವರಿ ಕೊನೆಯಲ್ಲಿ ಎರಡು ಕಣ್ಣಿಗೂ ಒಂದಾದ ಮೇಲೆ ಒಂದು ಪೊರೆ ಆಪರೇಷನ್ ಆಯಿತು. ಅಕ್ಷರಾಳಿಗೆ ದಿನ ತುಂಬಿತ್ತು, ಸುಮ್ಮನೆ ನಿಮಗೆಲ್ಲ ಯಾಕೆ ಗಾಬರಿ ಎಂದು ಹೇಳಲಿಲ್ಲ. ಕನ್ನಡಕ ಬರುವವರೆಗೆ ಇವರಿಗೆ ಅಕ್ಷರ ಕಾಣುವುದಿಲ್ಲ. ಹಾಗಾಗಿ ಮೊದಲನೇ ಪತ್ರದಿಂದಲೂ ಓದಿ ಹೇಳಿದವಳು ನಾನೇ. ಇವರು ಹೇಳಿದ್ದನ್ನು ಬರೆದವಳೂ ನಾನೇ. ನನ್ನ ಅಕ್ಷರ ದುಂಡಗಿದೆ ಎಂದು ಬರೆದಿದ್ದಕ್ಕೆ ಸಂತೋಷ.

ಇನ್ನೊಂದು ವಿಷಯ. ಇವರಿಗೆ ಓದಿ ಹೇಳುವುದೆಂದರೆ ಕೂಗಿ ಹೇಳುವುದು. ನಾವು ಜಗುಲಿಯಲ್ಲಿ ಕೂರುತ್ತೇವೆ. ನಿಮ್ಮ ಮೊದಲನೇ ಪತ್ರದ ಎಂಟುನೂರು ಗ್ರಾಂ ನಮ್ಮ ಮನೆಗಳ ಇಡೀ ಲೈನಿಗೆ ಅವತ್ತೇ ಗೊತ್ತಾಯಿತು. ಬಾಯಿಗೆ ಬೀಗ ಎಂಬಲ್ಲಿ ಎದುರುಮನೆಯವರು ನಕ್ಕರು. ಈಗ ಅಂಚೆಯವನು ಬಂದರೆ ಅವರೇ ಕುರ್ಚಿ ತಂದುಕೊಂಡು ಕೂರುತ್ತಾರೆ. ಬಸವ, ರಾಜ, ಈಶ್ವರಿ ಎಂಬುದನ್ನೂ ಓದಿದೆ. ಅದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಓದಿದೆ.

ನೀವು ದೊಡ್ಡಸ್ತಿಕೆ ಎಂದಿರಿ. ಅದಕ್ಕೇ ಈ ಪತ್ರವನ್ನು ನನ್ನ ಹೆಸರಲ್ಲೇ ಬರೆಯುತ್ತಿದ್ದೇನೆ.

ವಿಜಿ ಹುಟ್ಟಿದಾಗ ಎರಡು ಕೆಜಿಯೂ ಇರಲಿಲ್ಲ. ದಿನ ತುಂಬಿಯೇ ಹುಟ್ಟಿದ. ನಾನು ತುಪ್ಪ ತಿಂದಿದ್ದೆ, ಎಲ್ಲ ತಿಂದಿದ್ದೆ. ತೊಟ್ಟಿಲ ದಿನ ನಮ್ಮ ಅತ್ತೆ ಮಹಾಂತಮ್ಮ, ಇಷ್ಟೇ ಸಕ್ಕರೆ ಹಂಚಿದರೆ ಬೀದಿ ನಗುತ್ತೆ ಎಂದು ಹೇಳಿ, ಯಾರೂ ನೋಡದ ಹಾಗೆ ಮಗುವಿನ ಹಾಸಿಗೆಯ ಕೆಳಗೆ ಗುಂಡುಕಲ್ಲು ಇಟ್ಟರು. ಚಟ್ನಿ ಅರೆಯುವ ಸಣ್ಣ ಒರಳಿನದು. ಆಮೇಲೆ ಎರಡನ್ನೂ ಸೇರಿಸಿ ತೂಗಿದರು. ಬೀದಿಗೆಲ್ಲ ಧಾರಾಳವಾಗಿ ಸಕ್ಕರೆ ಹೋಯಿತು. ಎಲ್ಲರೂ ಹೊಗಳಿದರು. ಅತ್ತೆ ಸೊಸೆಯ ಮಾನ ಉಳಿಸಿದೆ ಎಂದುಕೊಂಡರು. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಬಂದವರೆಲ್ಲ ಸಕ್ಕರೆ ಬಾಯಿಗೆ ಹಾಕಿಕೊಂಡು ಗುಂಡಗಿದ್ದಾನೆ ಗುಂಡಗಿದ್ದಾನೆ ಎನ್ನುವಾಗ, ಅದರಲ್ಲಿ ನನ್ನ ಮಗ ಎಷ್ಟು, ಕಲ್ಲೆಷ್ಟು ಎಂದು ನನಗೊಬ್ಬಳಿಗೆ ಗೊತ್ತಿತ್ತು. ಇದ್ದಷ್ಟು ಮಗುವನ್ನು ಇದ್ದಷ್ಟೇ ಎಂದು ಹೇಳಿಕೊಳ್ಳಲು ಬಿಡಲಿಲ್ಲವಲ್ಲ ಎಂದು ಎಷ್ಟೋ ವರ್ಷ ಕೊರಗಿದೆ.

ಈ ಸಲ ಕಲ್ಲು ಬೇಡ. ಎರಡು ಕೆಜಿ ನೂರು ಗ್ರಾಂ ಎಂದರೆ ಎರಡು ಕೆಜಿ ನೂರು ಗ್ರಾಂ. ನಾನೇ ತೂಗುತ್ತೇನೆ, ನಾನೇ ಗಟ್ಟಿಯಾಗಿ ಹೇಳುತ್ತೇನೆ. ಗಟ್ಟಿಯಾಗಿ ಹೇಳುವುದು ನನಗೆ ಅಭ್ಯಾಸ ಇದೆ.

ಪಕ್ಕದ ಮನೆಯ ಸೆಲ್ವಿ ಕೂಸಿಗೆ ಎರಡು ಟೊಪ್ಪಿ ಹೆಣೆದಿದ್ದಾಳೆ. ನಿಂಬೆಹಣ್ಣು ಹಿಡಿಸುವಷ್ಟು ಇವೆ. ಅಳತೆ ಯಾರು ಕೊಟ್ಟರು ಎಂದರೆ, ಅಕ್ಕಾ, ನೀನೇ ಲೆಟರ್ ಓದಿದ್ಯಲ್ಲಾ ಎಂದಳು.

ಈ ಪತ್ರ ಅಕ್ಷರಾಳಿಗೆ. ನಿಮ್ಮ ವಿಳಾಸಕ್ಕೆ ಬರೆದಿದ್ದೇನೆ, ಅಷ್ಟೆ.

ಬಸವರಾಜೇಶ್ವರಿ


ವಿನೋಬನಗರ, ಶಿವಮೊಗ್ಗ
5 ಮಾರ್ಚ್ 2025

ಬೀಗಿತಿಯವರಿಗೂ, ಕೇಳಿಸಿಕೊಳ್ಳುತ್ತಿರುವ ಬೀಗರಿಗೂ, ಕುರ್ಚಿ ಹಾಕಿಕೊಂಡು ಕೂತಿರುವ ನ್ಯೂ ಟೌನಿನ ಸಮಸ್ತ ಸಭಿಕರಿಗೂ ಷಡಕ್ಷರಪ್ಪನ ಶರಣು.

ನಾನು ಬರೆದ ಮಾತಿಗೆ ಕ್ಷಮೆ ಕೇಳುತ್ತೇನೆ. ಇಲ್ಲಿ ಚಟಾಕಿ ಇಲ್ಲ. ದಯವಿಟ್ಟು ಈ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿ.

ನಿಮ್ಮ ಪತ್ರವನ್ನು ಅಕ್ಷರಾಳ ಕೈಗೆ ಕೊಟ್ಟು ಆಚೆ ಬಂದೆ. ಬಾಗಿಲ ಹೊರಗೆ ನಾನು, ನನ್ನ ಹಿಂದೆ ಅಕ್ಷರಾಳ ಅಮ್ಮ ಉಮಾಮಹೇಶ್ವರಿ, ಇಬ್ಬರೂ ಪೇಪರ್ ಓದುವವರ ಹಾಗೆ ನಿಂತಿದ್ದೆವು, ಪೇಪರ್ ಇರಲಿಲ್ಲ. ಒಳಗಿಂದ ನಗು ಕೇಳಿಸಿತು. ಸೆಲ್ವಿಯವರ ಟೊಪ್ಪಿಗೆ ಬಂದಿರಬೇಕು. ನಕ್ಕದ್ದು ಅಳುವಾಯಿತು, ಅತ್ತದ್ದು ಮತ್ತೆ ನಗುವಾಯಿತು. ಕೂಸು ಎದ್ದು ತನ್ನದನ್ನೂ ಸೇರಿಸಿತು. ಅವತ್ತು ಮಧ್ಯಾಹ್ನ ಅವಳು ಎರಡು ಸಲ ಅನ್ನ ಬಡಿಸಿಕೊಂಡಳು. ಸಂಜೆ ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ಟುಬನ್ನಿ ಎಂದು ನನ್ನ ಕೈಗೆ ಚೀಲ ಕೊಟ್ಟಳು.

"ಬರ್ತೀನಿ ಅಂತ ಬರೀರಿ ಅಪ್ಪಾ. ಸಕ್ಕರೆ ಹಂಚೋವಾಗ ಅತ್ತೆ ಪಕ್ಕ ನಾನೇ ನಿಂತ್ಕೋತೀನಿ. ತೂಕ ನಾನೇ ಹೇಳ್ತೀನಿ."

ಹೆಸರನ್ನೂ ಆರಿಸಿದ್ದಾಳೆ. ಲಿಖಿತಾ. ಅಕ್ಷರಾಳ ಮಗಳು ಇನ್ನೇನಾಗಬೇಕು? ಈ ಚಟಾಕಿ ನನ್ನದಲ್ಲ, ಅವಳದ್ದು. ನನ್ನಿಂದ ಅವಳಿಗೆ ಬಂದಿರುವ ಅಕ್ಷರಗಳಲ್ಲಿ ಇದೊಂದು ಖಾತ್ರಿಯಾಯಿತು.

ಇಷ್ಟಾದರೂ ವಿಜಯೇಂದ್ರ ಎರಡು ಕೆಜಿಗಿಂತ ಕಮ್ಮಿ ಇದ್ದದ್ದು, ಬೀಗರಿಗೆ ಸಕ್ಕರೆ ಇರುವುದು, ಇವೆರಡೂ ಸೇರಿದರೆ ಮೂವತ್ತು ಗ್ರಾಂ ಭದ್ರಾವತಿಯದೇ ಎಂದು ನನ್ನ ವೈಯಕ್ತಿಕ ಅಭಿಪ್ರಾಯ. ತೂಕದ ಮಾತೆಂದರೆ ತೂಕದ ಮಾತು. ಸಕ್ಕರೆ ಇಲ್ಲದ ಮನೆತನಕ್ಕೆ ಇಷ್ಟಾದರೂ ಬೀಗುವ ಹಕ್ಕಿದೆ. ಬೀಗುವವನೇ ಬೀಗ.

ಷಡಕ್ಷರಪ್ಪ


ನ್ಯೂ ಟೌನ್, ಭದ್ರಾವತಿ
19 ಮಾರ್ಚ್ 2025

ಷಡಕ್ಷರಪ್ಪನವರಿಗೆ ಶರಣು.

ಕನ್ನಡಕ ಬಂತು. ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಇದೆ. ನಿಮಗೆ ಸಮಾಧಾನ ಆಗಬಹುದು.

ಭಾನುವಾರ ಎಲ್ಲ ಚೆನ್ನಾಗಿ ಆಯಿತು. ಅಕ್ಷರಾ ಎರಡು ಕೆಜಿ ನೂರು ಗ್ರಾಂ ಎಂದು ಹೇಳಿದ್ದು ನನಗೇ ಕೇಳಿಸಿತು. ಕಾಲೋನಿಯ ಹೆಂಗಸರು ಕೈ ತಟ್ಟಿದರು. ಸಕ್ಕರೆ ಮನೆಗೆ ಎರಡು ಚಮಚದಂತೆ ಬಂತು. ಯಾರಿಗೂ ಅದು ಕಮ್ಮಿ ಅನ್ನಿಸಲಿಲ್ಲ. ಮಾರನೆಯ ದಿನ ಸೊಸೆ ಜಗುಲಿಯಲ್ಲಿ ಕೂಸಿಗೆ ಬಿಸಿಲು ಕಾಯಿಸುತ್ತಾ ನಾಲ್ಕು ಜನರ ಜೊತೆ ಮಾತಾಡುತ್ತಿದ್ದಳು. ಬಸವರಾಜೇಶ್ವರಿ ಒಳಗಿಂದ ಅದನ್ನು ನೋಡಿ ಅವರಿಗೆಲ್ಲ ಕಾಫಿಗೆ ಇಟ್ಟಳು.

ನಿಮ್ಮ ವಿಷಯ ಕೇಳಬೇಕಿತ್ತು. ತಕ್ಕಡಿ ಪಕ್ಕದಲ್ಲಿ ನೀವು ತೂರಾಡಿ ಕುಸಿದು ಕೂತಿರಿ. ಮೊಮ್ಮಗಳ ಮೇಲಿನ ಪ್ರೀತಿಗೆ ಅಜ್ಜನ ಕಣ್ಣು ತುಂಬಿತು ಎಂದು ಎಲ್ಲರೂ ಅಂದರು. ನನಗೆ ಕಣ್ಣೀರು ಕಾಣಲಿಲ್ಲ, ಬೆವರು ಕಂಡಿತು. ಕೈ ನಡುಗುತ್ತಿತ್ತು. ಬಸವರಾಜೇಶ್ವರಿ ತಟ್ಟೆಯಿಂದ ಒಂದು ಹಿಡಿ ಸಕ್ಕರೆಯನ್ನು ನಿಮ್ಮ ಬಾಯಿಗೆ ತುರುಕಿದಳು. ಸ್ವಲ್ಪ ಹೊತ್ತಿಗೆ ಸರಿಹೋದಿರಿ. ನನಗೆ ಇಂಥದ್ದು ಎರಡು ಮೂರು ಸಲ ಆಗಿದೆ. ಆಗೆಲ್ಲ ಅವಳು ಹಾಗೇ ಮಾಡುತ್ತಾಳೆ.

ಸೆಲ್ವಿ ಮನೆಯ ಪಾಲು ನಿಮ್ಮ ಬಾಯಿಗೆ ಹೋಯಿತು. ಅವಳಿಗೆ ಬೇಜಾರಿಲ್ಲ. ಏನಿತ್ತು ಎಂದು ಬರೆಯಿರಿ. ನಿಮ್ಮ ಉತ್ತರವನ್ನು ಇನ್ನು ಯಾರೂ ನನಗೆ ಓದಿ ಹೇಳಬೇಕಿಲ್ಲ. ನನಗೀಗ ಕಾಣುತ್ತದೆ.

ವೀರೇಂದ್ರ


ವಿನೋಬನಗರ, ಶಿವಮೊಗ್ಗ
24 ಮಾರ್ಚ್ 2025

ಬೀಗರಿಗೆ ಶರಣು.

ಕಣ್ಣಿನ ಡಾಕ್ಟರು ನಿಮ್ಮ ವಿಷಯದಲ್ಲಿ ಸ್ವಲ್ಪ ಅತಿಯಾಗಿಯೇ ಕೆಲಸ ಮಾಡಿದ್ದಾರೆ.

ಅದು ಭಾವುಕತೆ ಅಲ್ಲ, ಮಾತ್ರೆ. ನಿಮ್ಮ ಮನೆಯ ಹೋಳಿಗೆಯ ಖ್ಯಾತಿ ಕೇಳಿ, ಅದಕ್ಕೆ ಮುಂಗಡವಾಗಿ ಅವತ್ತು ಬೆಳಿಗ್ಗೆ ಒಂದರ ಬದಲು ಎರಡು ನುಂಗಿ ಬಸ್ ಹತ್ತಿದೆ. ಸ್ವಾಮಿಗಳು ಬರುವುದು ತಡವಾಯಿತು, ಊಟ ಅದಕ್ಕಿಂತ ತಡವಾಯಿತು, ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಿತು. ಬಸ್ಸು ದಾರಿಯ ಮಲವಗೊಪ್ಪ ದಾಟುವಾಗಲೇ ಕೈ ನಡುಗಲು ಶುರುವಾಗಿತ್ತು. ಅದನ್ನೂ ಅಜ್ಜನ ಸಂಭ್ರಮ ಎಂದೇ ನಾನು ಪ್ರಚಾರ ಮಾಡಿದೆ.

ಹೌದು ಬೀಗರೇ, ನನಗೆ ಸಕ್ಕರೆ ಇದೆ. ಹನ್ನೊಂದು ವರ್ಷವಾಯಿತು. ಪ್ರತಿವರ್ಷ ಕಾಲೇಜಿನ ಬೀಳ್ಕೊಡುಗೆಯಲ್ಲಿ ಆರೋಗ್ಯದ ಗುಟ್ಟು ಎಂದು ಭಾಷಣ ಮಾಡುತ್ತಿದ್ದವನು ಇದನ್ನು ಯಾರಿಗೆ ಹೇಳಲಿ? ಮಾತ್ರೆಗಳನ್ನು ಹಳೆಯ ಲೆಕ್ಕಶಾಸ್ತ್ರದ ಪುಸ್ತಕಗಳ ಹಿಂದೆ ಇಟ್ಟಿದ್ದೆ. ಆ ಪುಸ್ತಕಗಳನ್ನು ನನ್ನ ವಿದ್ಯಾರ್ಥಿಗಳೇ ಮುಟ್ಟಿದವರಲ್ಲ, ಮನೆಯವರು ಮುಟ್ಟುತ್ತಾರೆಯೇ ಎಂಬ ಧೈರ್ಯ.

ನಿಮ್ಮ ಪತ್ರ ಬಂದ ಮೇಲೆ ಒಂದು ಯೋಚನೆ ಕಾಡಿತು. ನನ್ನ ಜಂಬಕ್ಕಾಗಿ ಡಾಕ್ಟರ ಅಧ್ಯಯನಕ್ಕೇ ಸುಳ್ಳು ಸೇರಿಸಿದೆನಲ್ಲ. ಸಾವಿರಾರು ಮಕ್ಕಳ ಲೆಕ್ಕದಲ್ಲಿ ನನ್ನದೊಂದು ಗುಂಡುಕಲ್ಲು. ಹಾಗಾಗಿ ಇವತ್ತು ಬೆಳಿಗ್ಗೆ ಸುಷ್ಮಾ ಡಾಕ್ಟರ ಮುಂದೆ ಹೋಗಿ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಕಂಪ್ಯೂಟರ್ ನೋಡಿ ನಕ್ಕರು.

"ತಾಯಿಯ ತಂದೆಗೆ ಸಕ್ಕರೆ ಇದೆ ಅಂತ ಅವತ್ತೇ ಬರ್ಕೊಂಡಿದೀನಿ ಸಾರ್. ನೀವು ಆಚೆ ಹೋದ ಕೂಡ್ಲೆ ನಿಮ್ಮ ಮಗಳು ಹೇಳಿದ್ರು."

ಆದರೆ ಆ ಮೂವತ್ತು ಗ್ರಾಂ ನನ್ನದೇ ಎಂದು ಈಗಲೂ ಹೇಳಲಾಗುವುದಿಲ್ಲವಂತೆ. ಭದ್ರಾವತಿಯದು ಎಂದು ಹೇಳುವುದಂತೂ ನನಗೆ ಇನ್ನು ಸಾಧ್ಯವಿಲ್ಲ. ಖಟ್ಲೆ ವಾಪಸ್.

ಮನೆಗೆ ಬಂದು, ಬಾಣಂತನಕ್ಕೆ ಮತ್ತೆ ಇಲ್ಲಿಗೆ ಬಂದಿರುವ ಅಕ್ಷರಾಳನ್ನು ಕೇಳಿದೆ, ನಿನಗೆ ಹೇಗೆ ಗೊತ್ತಾಯಿತು? ಅವಳು ಅಮ್ಮನ ಕಡೆ ಕೈ ತೋರಿಸಿದಳು. ಅಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಳು. ಇದನ್ನು ನಿಮಗೆ ಮಾತ್ರ ಬರೆಯುತ್ತಿದ್ದೇನೆ, ಬೀಗಿತಿಯವರ ಕೈಗೆ ಸಿಕ್ಕರೂ ಮೆಲ್ಲಗೆ ಓದಲು ಹೇಳಿ. ನಮ್ಮ ಮನೆಯ ಕಾಫಿಯ ಸಿಹಿಗೆ ಸಮ ಇಲ್ಲ ಎಂದು ಬಂದ ನೆಂಟರಿಗೆಲ್ಲ ಹೊಗಳುತ್ತಿದ್ದವನು ನಾನು. ಹನ್ನೊಂದು ವರ್ಷದಿಂದ ನನ್ನ ಲೋಟಕ್ಕೆ ಉಮಾ ಒಂದು ಕಾಳು ಸಕ್ಕರೆಯನ್ನೂ ಹಾಕಿಲ್ಲವಂತೆ.

ನಿಮ್ಮ
ಷಡಕ್ಷರಪ್ಪ